ಮಳೆಗೆ ಹೆದರಿ ಗಾಳಿಯನ್ನು ಮುಚ್ಚುವ ಡೇರೆ

ಒಂದೆರಡು ರಾತ್ರಿಯ ಬಯಲುವಾಸಕ್ಕೆಂದು ಡೇರೆ ಕೊಳ್ಳಲು ಹೊರಟವರಿಗೆ ಅಂಗಡಿಯವರಿಂದ ಹಿಡಿದು ಚಾರಣದ ಗೆಳೆಯರವರೆಗೆ ಎಲ್ಲರೂ ಹೇಳುವ ಮಾತು ಇಂದು ಹೆಚ್ಚುಕಡಿಮೆ ಒಂದೇ ಆಗಿದೆ: ನೀರು ತಡೆಯುವ ಶಕ್ತಿಯನ್ನು ಸೂಚಿಸುವ ಸಂಖ್ಯೆ ಎಷ್ಟು ದೊಡ್ಡದೋ ಡೇರೆ ಅಷ್ಟು ಒಳ್ಳೆಯದು, ಎಲ್ಲ ಕಡೆಯಿಂದಲೂ ಎಷ್ಟು ಬಿಗಿಯಾಗಿ ಮುಚ್ಚಿಕೊಳ್ಳುವುದೋ ಅಷ್ಟು ಸುರಕ್ಷಿತ, ಒಳಗೆ ನೆಟ್ಟಗೆ ನಿಲ್ಲುವಷ್ಟು ಎತ್ತರವಿದ್ದರೆ ಇನ್ನೂ ಉತ್ತಮ. ಬೆಂಗಳೂರು, ಹುಬ್ಬಳ್ಳಿಗಳ ದಾರಿಯಾಗಿ ಈ ಅಭಿಪ್ರಾಯ ಹಾವೇರಿ ಸೀಮೆಗೂ ಬಂದು ಬೇರೂರಿದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಯುವಕರು ವಾರದ ಕೊನೆಗೆ ತುಂಗಭದ್ರೆಯ ದಂಡೆಗೋ ವರದಾ ತೀರದ ಪರಿಚಯದವರ ಹೊಲಕ್ಕೋ ಹೋಗುವಾಗ ಹೊತ್ತೊಯ್ಯುವ ಡೇರೆಗಳು ಈ ಸಲಹೆಯಂತೆಯೇ ಆರಿಸಲ್ಪಟ್ಟವು. ಈ ಸಲಹೆ ಈ ಸೀಮೆಯ ಮಟ್ಟಿಗೆ ಬುಡದಿಂದಲೇ ತಪ್ಪು. ಬಯಲುಸೀಮೆಯಲ್ಲಿ ಡೇರೆಯ ಮೊದಲ ಕೆಲಸ ಗಾಳಿಯಾಡಲು ಬಿಡುವುದು, ಎರಡನೆಯದು ನೆಲವನ್ನು ಗಟ್ಟಿಯಾಗಿ ಹಿಡಿದು ನಿಲ್ಲುವುದು. ನೀರನ್ನು ತಡೆಯುವುದು ಇವೆರಡರ ನಂತರ ಬರುವ ಕೆಲಸ. ಈ ಕ್ರಮವನ್ನು ತಲೆಕೆಳಗು ಮಾಡಿದ ಡೇರೆ ಎಷ್ಟೇ ಬೆಲೆಬಾಳಲಿ, ಇಲ್ಲಿ ಮಲಗಿದವರಿಗೆ ನಿದ್ದೆ ಕೊಡಲಾರದು.

ಮೊದಲು ಆ ಸಂಖ್ಯೆಯನ್ನೇ ನೋಡಬೇಕು. ಡೇರೆಯ ಚೀಲದ ಮೇಲೆ 2000 ಮಿ.ಮೀ., 3000 ಮಿ.ಮೀ., ಕೆಲವೊಮ್ಮೆ 5000 ಮಿ.ಮೀ. ಎಂದು ಅಚ್ಚಾಗಿರುವುದು ಮಳೆಯ ಪ್ರಮಾಣವಲ್ಲ. ಬಟ್ಟೆಯ ತುಂಡಿನ ಮೇಲೆ ನೀರಿನ ಕಂಬವೊಂದನ್ನು ಏರಿಸುತ್ತ ಹೋದರೆ ಎಷ್ಟು ಎತ್ತರದ ಕಂಬದ ಒತ್ತಡಕ್ಕೆ ಬಟ್ಟೆಯೊಳಗಿಂದ ಹನಿ ಜಿನುಗತೊಡಗುತ್ತದೆ ಎಂಬುದರ ಅಳತೆ ಅದು, ಇದನ್ನು ಜಲಸ್ತಂಭದ ಅಳತೆ ಎನ್ನಬಹುದು. ಹೊರಹೊದಿಕೆಗೆ 1500 ಮಿ.ಮೀ. ಇದ್ದರೆ ಸಾಮಾನ್ಯ ಮಳೆಗೆ ಸಾಕು ಎಂಬುದು ಯೂರೋಪಿನ ತಯಾರಕರಲ್ಲೇ ಬಹುಕಾಲದಿಂದ ಇರುವ ರೂಢಿ. ಇದಕ್ಕಿಂತ ಹೆಚ್ಚಿನ ಶಕ್ತಿ ನಿಜವಾಗಿ ಬೇಕಾಗುವುದು ನೆಲಹಾಸಿಗೆ, ಏಕೆಂದರೆ ಒದ್ದೆ ನೆಲದ ಮೇಲೆ ಮೊಣಕಾಲೂರಿದಾಗ ಬೀಳುವ ಒತ್ತಡ ಬೀಳುವ ಹನಿಯ ಒತ್ತಡಕ್ಕಿಂತ ಎಷ್ಟೋ ಪಾಲು ಹೆಚ್ಚು. ಹಾಗಿರುವಾಗ ಚಾವಣಿಗೆ 5000 ಮಿ.ಮೀ. ಬೇಕೆಂದು ಹಣ ತೆರುವವರು ದಿನಗಟ್ಟಲೆ ಬಿಡದೆ ಸುರಿಯುವ ಬೆಟ್ಟದ ಮಳೆಗಾಗಿ, ಹಿಮದ ಭಾರಕ್ಕಾಗಿ, ಗಾಳಿಯ ಹೊಡೆತಕ್ಕೆ ನೀರು ಬಟ್ಟೆಗೆ ಒತ್ತರಿಸಿಕೊಂಡು ಬರುವ ಸಾಗರತೀರಗಳಿಗಾಗಿ ರೂಪುಗೊಂಡ ವಸ್ತುವಿಗೆ ಬೆಲೆ ಕೊಡುತ್ತಿರುತ್ತಾರೆ.

ಹಾವೇರಿ ಜಿಲ್ಲೆಯ ಪಶ್ಚಿಮಕ್ಕಿರುವ ಹಾನಗಲ್ಲಿನ ಕಡೆ ಅರೆಮಲೆನಾಡಿನ ಗುಣವಿದೆ. ಪೂರ್ವಕ್ಕೆ ಸರಿದು ಬ್ಯಾಡಗಿ ದಾಟಿ ರಾಣೆಬೆನ್ನೂರಿಗೆ ಬಂದರೆ ಅದು ಅಪ್ಪಟ ಬಯಲುಸೀಮೆ. ಮಳೆಯ ಬಹುಪಾಲು ಜೂನ್‌ನಿಂದ ಅಕ್ಟೋಬರಿನೊಳಗೆ ಬಿದ್ದು ಮುಗಿಯುತ್ತದೆ. ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಆಕಾಶ ಬಹುತೇಕ ಖಾಲಿ. ಜನರು ಹೊರಗೆ ಮಲಗಲು ಬಯಸುವುದೂ ಇದೇ ತಿಂಗಳುಗಳಲ್ಲಿ. ಸ್ವಾತಿ ಮಳೆ ಮುಗಿದು, ಗೋವಿನಜೋಳ ಕಟಾವಾಗಿ, ಹೊಲ ಬಯಲಾಗಿ, ರಾತ್ರಿಯ ಉಷ್ಣಾಂಶ 15–16 ಡಿಗ್ರಿಗೆ ಇಳಿಯುವ ಆ ಕಾಲವನ್ನು ಬಿಟ್ಟರೆ ಉಳಿಯುವುದು 37–38 ಡಿಗ್ರಿ ಮುಟ್ಟುವ ಬೇಸಿಗೆ. ಆಗ ಮಳೆ ಬಂದರೂ ಅದು ಸಂಜೆಯ ಗುಡುಗು ಮಳೆ, ಗಾಳಿಯನ್ನು ಮುಂದಿಟ್ಟುಕೊಂಡು ಬಂದು ಸ್ವಲ್ಪ ಹೊತ್ತು ಸುರಿದು ಹೋಗುವಂಥದು. ಆದ್ದರಿಂದ ಇಲ್ಲಿನ ವಾಸಿಗಳಿಗೆ ನೀರಿನ ಭಯವನ್ನೇ ಮುಂದಿಟ್ಟು ಡೇರೆ ಮಾರುವುದು, ಬಾರದ ಶತ್ರುವಿನ ಹೆಸರಿನಲ್ಲಿ ಬಂದೇ ಬರುವ ಶತ್ರುವನ್ನು ಮರೆಸುವ ಕೆಲಸ.

ಬಂದೇ ಬರುವ ಶತ್ರುವೆಂದರೆ ಒಳಗೆ ಸಿಕ್ಕಿಬಿದ್ದ ಬಿಸಿ ಮತ್ತು ತೇವ. ಮಲಗಿದ ಮನುಷ್ಯನ ದೇಹ ಸುಮಾರು 70–80 ವ್ಯಾಟ್‌ನಷ್ಟು ಶಾಖವನ್ನು ಬಿಡುತ್ತಲೇ ಇರುತ್ತದೆ. ಉಸಿರಿನಿಂದಲೂ ಚರ್ಮದಿಂದಲೂ ಒಂದು ರಾತ್ರಿಗೆ ಕಾಲು ಲೀಟರಿನಷ್ಟು ನೀರು ಆವಿಯಾಗಿ ಹೊರಬೀಳುತ್ತದೆ. ಮೂವರು ಮಲಗಿದರೆ ಮುಕ್ಕಾಲು ಲೀಟರು. ನೀರನ್ನು ಹೊರಗಿಡಲೆಂದು ಲೇಪ ಹಚ್ಚಿದ ಬಟ್ಟೆ ಈ ಆವಿಯನ್ನೂ ಒಳಗೇ ಇಡುತ್ತದೆ, ಏಕೆಂದರೆ ಲೇಪಕ್ಕೆ ಒಳಗು ಹೊರಗೆಂಬ ಭೇದವಿಲ್ಲ. ಜನವರಿಯ ಸ್ವಚ್ಛ ಆಕಾಶದ ಕೆಳಗೆ ಬಟ್ಟೆ ತಣ್ಣಗಾಗುತ್ತಿದ್ದಂತೆ ಆವಿ ಅದರ ಒಳಮೈಗೆ ಮೊದಲು ಮಬ್ಬಾಗಿ ಅಂಟುತ್ತದೆ, ನಂತರ ಸಾಸಿವೆಯಷ್ಟು ಹನಿಗಳಾಗಿ ಕೂಡುತ್ತದೆ, ಬೆಳಗಿನ ಜಾವಕ್ಕೆ ಯಾರದೋ ಮೊಣಕೈ ತಾಗಿದೊಡನೆ ಹನಿಗಳೆಲ್ಲ ಒಂದಾಗಿ ಹೊಲಿಗೆಯ ಗುಂಟ ಹರಿದು ಹೊದಿಕೆಯ ತುದಿಯನ್ನು ನೆನೆಸುತ್ತವೆ. ಎದ್ದವರು ಡೇರೆ ಸೋರಿತೆಂದು ನಂಬುತ್ತಾರೆ. ಮುಂದಿನ ಸಲ ಇನ್ನೂ ದೊಡ್ಡ ಸಂಖ್ಯೆಯ, ಇನ್ನೂ ಬಿಗಿಯಾಗಿ ಮುಚ್ಚುವ ಡೇರೆಯನ್ನು ಕೊಳ್ಳುತ್ತಾರೆ. ತೇವ ಇನ್ನೂ ಹೆಚ್ಚುತ್ತದೆ. ಪ್ರಚಲಿತ ಅಭಿಪ್ರಾಯ ತನ್ನ ತಪ್ಪಿನಿಂದಲೇ ತನಗೆ ಪುರಾವೆ ಒದಗಿಸಿಕೊಳ್ಳುವುದು ಹೀಗೆ, ಮತ್ತು ಇದನ್ನು ಖಂಡಿಸಲೇಬೇಕಾದ ಮುಖ್ಯ ಕಾರಣವೂ ಇದೇ.

ಈ ಸಂಗತಿಯನ್ನು ಬ್ಯಾಡಗಿಯವರಿಗೆ ವಿವರಿಸಿ ಹೇಳಬೇಕಾದ ಅಗತ್ಯವೇ ಇರಬಾರದಾಗಿತ್ತು. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಮಾರುಕಟ್ಟೆಯಲ್ಲಿ ದುಡಿಯುವ ಯಾವ ಹಮಾಲನಿಗೂ, ಯಾವ ದಲಾಲನಿಗೂ ಗೊತ್ತಿರುವ ಮಾತೆಂದರೆ, ಪೂರ್ತಿ ಒಣಗದ ಕಾಯಿಯನ್ನು ರಾಶಿ ಮಾಡಿ ತಾಡಪತ್ರಿಯಿಂದ ಬಿಗಿಯಾಗಿ ಮುಚ್ಚಿಟ್ಟರೆ ಅದು ಮಳೆಯಿಂದಲ್ಲ, ತನ್ನದೇ ಬೆವರಿನಿಂದ ಕೆಡುತ್ತದೆ; ಬಣ್ಣ ಕಳೆದುಕೊಂಡು, ಬೂಷ್ಟು ಹಿಡಿದು, ಬೆಲೆ ಬೀಳುತ್ತದೆ. ಇಬ್ಬನಿ ತಾಗದಂತೆ ಮುಚ್ಚಲೂ ಬೇಕು, ಒಳಗಿನ ಬೆವರು ಹೋಗುವಂತೆ ಬಿಡಲೂ ಬೇಕು ಎಂಬ ಈ ಅರಿವು ಅಲ್ಲಿ ಕಣದಲ್ಲೇ ಕಲಿತದ್ದು. ಮಲಗುವ ಡೇರೆಗೂ ಇದೇ ನಿಯಮ ಅನ್ವಯಿಸುತ್ತದೆ. ಎರಡು ಪದರದ ಡೇರೆ, ಅಂದರೆ ಒಳಗೆ ಸೊಳ್ಳೆಪರದೆಯಂಥ ಜಾಲರಿಯ ಗೂಡೂ ಅದರ ಮೇಲೆ ಒಂದು ಗೇಣಿನಷ್ಟು ಅಂತರ ಬಿಟ್ಟು ನೀರು ತಡೆಯುವ ಹೊರಹೊದಿಕೆಯೂ ಇರುವ ಡೇರೆ, ಈ ನಿಯಮವನ್ನು ಪಾಲಿಸುತ್ತದೆ: ಆವಿ ಜಾಲರಿಯನ್ನು ದಾಟಿ ಹೋಗುತ್ತದೆ, ಹನಿ ಕಟ್ಟಿದರೂ ಹೊರಹೊದಿಕೆಗೆ ಕಟ್ಟುತ್ತದೆ, ಮಲಗಿದವರ ಮೇಲೆ ಬೀಳುವುದಿಲ್ಲ. ಹೊರಹೊದಿಕೆಯ ಅಂಚು ನೆಲಕ್ಕೆ ತಾಗದೆ ನಾಲ್ಕು ಬೆರಳು ಮೇಲಿರಬೇಕು, ಮತ್ತು ನೆತ್ತಿಯಲ್ಲಿ ಗಾಳಿಕಂಡಿ ಇರಬೇಕು. ಬಿಸಿಗಾಳಿ ಮೇಲಿನಿಂದ ಹೋದರೆ ತಾನೇ ಕೆಳಗಿನಿಂದ ತಂಪು ಗಾಳಿ ಒಳಬರುವುದು. ಅಂಗಡಿಯಲ್ಲಿ ನಿಂತು ಡೇರೆಯನ್ನು ಪರೀಕ್ಷಿಸುವವರು ಮೊದಲು ನೋಡಬೇಕಾದದ್ದು ಒಳಗೂಡಿನ ಮೇಲಿನ ಅರ್ಧ ಜಾಲರಿಯೋ ಬಟ್ಟೆಯೋ ಎಂಬುದನ್ನು. ಬಟ್ಟೆಯಾಗಿದ್ದರೆ ಮುಂದಿನ ಯಾವ ಗುಣವೂ ಅದನ್ನು ಈ ಸೀಮೆಗೆ ಸರಿಹೊಂದಿಸಲಾರದು.

ಇನ್ನು ನೆಲದ ವಿಚಾರ. ಡೇರೆಯ ಕುರಿತ ಜನಪ್ರಿಯ ಚರ್ಚೆಗಳಲ್ಲಿ ಇಷ್ಟು ಮಹತ್ವದ ವಿಷಯಕ್ಕೆ ಇಷ್ಟು ಕಡಿಮೆ ಜಾಗ ಸಿಗುವುದು ಆಶ್ಚರ್ಯದ ಸಂಗತಿ. ಈ ಸೀಮೆಯಲ್ಲಿ ಎರೆಯೂ ಮಸಾರಿಯೂ ಅಕ್ಕಪಕ್ಕದಲ್ಲೇ ಇವೆ. ಎರೆ ಎಂದರೆ ನೀರು ಕುಡಿದಾಗ ಉಬ್ಬಿ ಒಣಗಿದಾಗ ಕುಗ್ಗುವ ಜಿಗುಟಾದ ಕಪ್ಪು ಮಣ್ಣು, ಮಸಾರಿ ಎಂದರೆ ಬೇಗ ನೀರಿಳಿಯುವ ಕೆಂಪು ಮಣ್ಣು. ಡೇರೆಯ ಜೊತೆ ಚೀಲದಲ್ಲಿ ಬರುವ ಕಡ್ಡಿಯಂಥ ಗೂಟಗಳು, ಸಾಮಾನ್ಯವಾಗಿ ಒಂದು ಗೇಣಿಗಿಂತ ಉದ್ದವಿಲ್ಲದ ಬಾಗಿದ ತಂತಿಗಳು, ಹುಲ್ಲು ಹೆಣೆದುಕೊಂಡ ಮೆತ್ತನೆಯ ನೆಲಕ್ಕಾಗಿ ಮಾಡಿದವು. ಹಸಿ ಎರೆಯಲ್ಲಿ ಅವನ್ನು ಹೆಬ್ಬೆರಳಿನಿಂದಲೇ ಒತ್ತಿ ಇಳಿಸಬಹುದು, ಹಗ್ಗ ತುಸು ಬಿಗಿದೊಡನೆ ಅಷ್ಟೇ ಸುಲಭವಾಗಿ ಅವು ಜಾರಿ ಬರುತ್ತವೆ. ಬೇಸಿಗೆಯ ಒಣ ಎರೆಯಲ್ಲಿ ಒಂದೋ ಕಲ್ಲಿನಂಥ ಹೆಂಟೆಗೆ ತಾಗಿ ಬಾಗುತ್ತವೆ, ಇಲ್ಲವೇ ಬಿರುಕಿನೊಳಗೆ ಹಿಡಿತವಿಲ್ಲದೆ ಇಳಿದುಹೋಗುತ್ತವೆ. ಮಸಾರಿಯ ಗರಸಿನಲ್ಲಿ ಮೊದಲ ಪೆಟ್ಟಿಗೇ ಮಣಿಯುತ್ತವೆ. ಹೊಲದ ಬದುವಿನಲ್ಲಿ ಎತ್ತು ಕಟ್ಟುವವರು ಇಂಥ ಕಡ್ಡಿಗೆ ಎತ್ತನ್ನು ಕಟ್ಟುವರೇ ಎಂದು ಕೇಳಿಕೊಂಡರೆ ಉತ್ತರ ಸಿಗುತ್ತದೆ. ಮೊಳದಷ್ಟು ಉದ್ದದ ಜಾಲಿಯ ಗೂಟವನ್ನು ಡೇರೆಯಿಂದ ಹೊರಮುಖವಾಗಿ ಓರೆ ಮಾಡಿ ಹೊಡೆಯುವುದು, ನೆಲ ತೀರ ಸಡಿಲವಾಗಿದ್ದರೆ ಖಾಲಿ ಗೊಬ್ಬರದ ಚೀಲಕ್ಕೆ ಮಣ್ಣು ತುಂಬಿ ಹಗ್ಗ ಕಟ್ಟಿ ಮೊಣಕಾಲಾಳದಲ್ಲಿ ಹೂಳುವುದು, ಇವೆರಡೇ ಇಲ್ಲಿ ನಂಬಬಹುದಾದ ಕ್ರಮಗಳು. ಹೀಗಾಗಿ ಡೇರೆಯ ಬೆಲೆಯಲ್ಲಿ ಸಾವಿರ ರೂಪಾಯಿ ಉಳಿಸಿ ಆ ಹಣದಲ್ಲಿ ಒಳ್ಳೆಯ ಗೂಟ, ಹಗ್ಗಗಳನ್ನು ಕೊಂಡವರು, ಬೆಲೆಬಾಳುವ ಡೇರೆಯನ್ನು ತಂತಿಯ ಕಡ್ಡಿಗಳಿಗೆ ಒಪ್ಪಿಸಿದವರಿಗಿಂತ ಜಾಣರು.

ನೆಲಹಾಸನ್ನು ಹರಿಯುವುದೂ ಇಲ್ಲಿ ನೀರಲ್ಲ. ಕಟಾವಾದ ಗೋವಿನಜೋಳದ ಹೊಲದಲ್ಲಿ ಓರೆಯಾಗಿ ಕೊಯ್ದ ಕೂಳೆಗಳು ಚೂಪಾಗಿ ನಿಂತಿರುತ್ತವೆ. ಹಳ್ಳದ ದಂಡೆಯಲ್ಲಿ ಬಳ್ಳಾರಿ ಜಾಲಿಯ ಮುಳ್ಳು ಬಿದ್ದಿರುತ್ತದೆ. 5000 ಮಿ.ಮೀ. ಎಂದು ಬರೆದ ನೆಲಹಾಸನ್ನು ಒಂದು ಮುಳ್ಳು ಒಂದೇ ರಾತ್ರಿಯಲ್ಲಿ ಸೊನ್ನೆಗೆ ಇಳಿಸಬಲ್ಲದು. ಕೆಳಗೆ ಹಳೆಯ ತಾಡಪತ್ರಿಯ ತುಂಡೊಂದನ್ನು ಹಾಸಿದರೆ ಈ ಅಪಾಯ ತಪ್ಪುತ್ತದೆ. ಆದರೆ ಅದು ಡೇರೆಯ ತಳಕ್ಕಿಂತ ಸುತ್ತಲೂ ನಾಲ್ಕು ಬೆರಳು ಚಿಕ್ಕದಿರಬೇಕು, ಹೊರಗೆ ಚಾಚಿಕೊಂಡಿದ್ದರೆ ಹೊದಿಕೆಯಿಂದ ಇಳಿದ ನೀರನ್ನೆಲ್ಲ ಅದೇ ತಳದ ಕೆಳಗೆ ಎಳೆದುಕೊಳ್ಳುತ್ತದೆ. ಕೃಷಿ ಇಲಾಖೆಯ ರೈತ ಸಂಪರ್ಕ ಕೇಂದ್ರಗಳ ಮೂಲಕ ಸಹಾಯಧನದಲ್ಲಿ ದೊರೆಯುವ ತಾಡಪತ್ರಿ ಈ ಸೀಮೆಯ ಬಹಳ ಮನೆಗಳಲ್ಲಿ ಈಗಾಗಲೇ ಇದೆ.

ಎತ್ತರದ ಮೋಹವೂ ಇಂಥದೇ. ಒಳಗೆ ನಿಂತು ಬಟ್ಟೆ ತೊಡಬಹುದು ಎಂಬ ಅನುಕೂಲಕ್ಕಾಗಿ ಆರಡಿ ಎತ್ತರದ ಡೇರೆ ಕೊಳ್ಳುವವರು ಗಾಳಿಯ ಲೆಕ್ಕವನ್ನು ಬಿಟ್ಟಿರುತ್ತಾರೆ. ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಅಂದರೆ ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕುಪಟ್ಟಾಗುತ್ತದೆ: ಗಂಟೆಗೆ 30 ಕಿ.ಮೀ. ವೇಗದ ಗಾಳಿ ಅಡ್ಡ ನಿಂತ ಪ್ರತಿ ಚದರ ಮೀಟರಿನ ಮೇಲೆ ಸುಮಾರು 4 ಕೆ.ಜಿ. ಭಾರದಂತೆ ಒತ್ತಿದರೆ, 60 ಕಿ.ಮೀ. ವೇಗದ್ದು ಸುಮಾರು 16 ಕೆ.ಜಿ. ಭಾರದಂತೆ ಒತ್ತುತ್ತದೆ. ಮೂರು ಚದರ ಮೀಟರಿನ ಗೋಡೆಯುಳ್ಳ ಡೇರೆಗೆ ಇದು ಅರ್ಧ ಕ್ವಿಂಟಲಿಗೆ ಹತ್ತಿರದ ತಳ್ಳಾಟ. ನೆರೆಯ ಗದಗ ಜಿಲ್ಲೆಯ ಕಪ್ಪತಗುಡ್ಡದ ಸುತ್ತ ಗಾಳಿಯಂತ್ರಗಳು ಎದ್ದು ನಿಂತಿರುವುದೇ ಈ ಬಯಲಿನ ಗಾಳಿಗೆ ಸಾಕ್ಷಿ. ರೋಹಿಣಿ ಮಳೆಯ ಮುಂಚೆ ಏಳುವ ಬಿರುಗಾಳಿಯಲ್ಲಿ ನಾಲ್ಕಡಿ ಎತ್ತರದ ಡೇರೆ ತಗ್ಗಿ ಉಳಿದುಕೊಳ್ಳಬಲ್ಲದು, ಆರಡಿಯದು ಕೋಲು ಮುರಿದುಕೊಂಡು ಒಳಗಿದ್ದವರ ಮೇಲೆ ಕುಸಿಯುತ್ತದೆ.

ಈ ಸೀಮೆಯಲ್ಲಿ ಬಯಲಿನಲ್ಲಿ ರಾತ್ರಿ ಕಳೆಯುವುದು ಹೊಸತೇನಲ್ಲ ಎಂಬುದನ್ನೂ ಪ್ರಚಲಿತ ಅಭಿಪ್ರಾಯ ಮರೆತಿದೆ. ಕುರಿ ಹಿಂಡಿನೊಡನೆ ಊರೂರು ಅಲೆದು, ಗೊಬ್ಬರಕ್ಕಾಗಿ ಹೊಲಗಳಲ್ಲಿ ಹಿಂಡನ್ನು ನಿಲ್ಲಿಸುವ ಕುರಿಗಾಹಿಗಳ ಬಿಡಾರಗಳು ಪ್ರತಿವರ್ಷ ಕಾಣಸಿಗುತ್ತವೆ: ತಗ್ಗಾದ ಚಾವಣಿ, ಗಾಳಿಗೆ ಬೆನ್ನು, ಎದುರು ಬದಿ ತೆರೆದ ಬಾಯಿ. ಭರತ ಹುಣ್ಣಿಮೆಯ ಹೊತ್ತಿಗೆ ಮೈಲಾರಲಿಂಗನ ಜಾತ್ರೆಗೆ ರಾಣೆಬೆನ್ನೂರು, ಗುತ್ತಲಗಳ ಕಡೆಯಿಂದ ಹೊರಡುವ ಬಂಡಿಗಳ ಮೇಲಿನ ಕೊಲ್ಲಾರಿ, ಅಂದರೆ ಬಿದಿರು ಬಾಗಿಸಿ ಚಾಪೆ ಹೊದಿಸಿದ ಕಮಾನು, ಎರಡೂ ತುದಿ ತೆರೆದಿರುವುದರಿಂದಲೇ ಬಿಸಿಲಿನಲ್ಲೂ ತಂಪಾಗಿರುತ್ತದೆ. ಹರಿಹರದ ಬಳಿಯ ಕೊಂಡಜ್ಜಿಯ ಸ್ಕೌಟ್ ಶಿಬಿರಗಳಲ್ಲಿ ಹಗ್ಗ ಬಿಗಿಯುವುದನ್ನೂ ಗೂಟ ಹೊಡೆಯುವುದನ್ನೂ ಕಲಿತ ಎಷ್ಟೋ ಮಂದಿ ಈ ಭಾಗದಲ್ಲಿದ್ದಾರೆ. ಮೇಡ್ಲೇರಿಯಂಥ ಊರುಗಳಲ್ಲಿ ನೇಯ್ದ ಕರಿ ಕಂಬಳಿ ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲಿನಷ್ಟು ತೇವವನ್ನು ಹೀರಿಕೊಂಡರೂ ಮೈಗೆ ಹಸಿಯೆನಿಸದು, ಮತ್ತು ಕಿಡಿ ಬಿದ್ದರೆ ಪಾಲಿಯೆಸ್ಟರಿನಂತೆ ಕರಗಿ ಚರ್ಮಕ್ಕೆ ಅಂಟದು. ಹೀಗೆಂದ ಮಾತ್ರಕ್ಕೆ ಕುರಿಗಾಹಿಯ ಬಿಡಾರವೇ ಆದರ್ಶವೆಂದು ಹಾಡಿಹೊಗಳುವುದು ಸಲ್ಲದು. ಅದು ಸೋರುತ್ತದೆ, ಅದರಲ್ಲಿ ಸೊಳ್ಳೆ ಕಚ್ಚುತ್ತದೆ, ಅದರೊಳಗೆ ಮಲಗುವ ಹೆಣ್ಣುಮಕ್ಕಳು ಬೇರೆ ದಾರಿಯಿಲ್ಲದೆ ಮಲಗುತ್ತಾರೆ. ಕಲಿಯಬೇಕಾದುದು ಆ ಬಡತನವನ್ನಲ್ಲ, ಗಾಳಿಯ ದಿಕ್ಕನ್ನೂ ನೆಲದ ಇಳಿಜಾರನ್ನೂ ನೋಡದೆ ಅವರು ಒಂದು ಕೋಲನ್ನೂ ನೆಡುವುದಿಲ್ಲ ಎಂಬ ಶಿಸ್ತನ್ನು.

ಎದುರು ಪಕ್ಷದ ವಾದಗಳಲ್ಲಿ ಗೌರವಕ್ಕೆ ಅರ್ಹವಾದುದು ಹಾವು ಚೇಳುಗಳ ಭಯ. ಕಟ್ಟುಹಾವು ರಾತ್ರಿ ಸಂಚರಿಸುವ ಹಾವು, ನೆಲದ ಮೇಲೆ ಮಲಗಿದವರ ಹಾಸಿಗೆಗೆ ಸರಿದು ಬರುವುದಕ್ಕೆ ಹೆಸರಾದದ್ದು. ಒಣ ಹೊಲದ ಕಲ್ಲುಗಳ ಸಂದಿಯಲ್ಲಿ ಕೆಂಪು ಚೇಳು ಇದ್ದೇ ಇರುತ್ತದೆ. ಆದರೆ ಈ ಜೀವಿಗಳನ್ನು ತಡೆಯುವುದು ಲೇಪದ ಬಟ್ಟೆಯಲ್ಲ, ಒಂದು ಗೇಣು ಎತ್ತರ ಮೇಲೆದ್ದ ಅಂಚುಳ್ಳ ತಳ, ಪೂರ್ತಿ ಎಳೆದ ಜಿಪ್ಪು ಮತ್ತು ಹರಿಯದ ಜಾಲರಿ. ಜಾಲರಿಯ ಗೂಡು ಇವುಗಳನ್ನು ಎಷ್ಟು ತಡೆಯುವುದೋ ಬಟ್ಟೆಯ ಗೂಡೂ ಅಷ್ಟೇ ತಡೆಯುತ್ತದೆ. ವ್ಯತ್ಯಾಸವೆಂದರೆ, ಸೆಕೆ ತಾಳಲಾರದೆ ನಡುರಾತ್ರಿ ಬಾಗಿಲು ತೆರೆದಿಡುವುದು ಬಟ್ಟೆಯ ಗೂಡಿನಲ್ಲಿ ಮಲಗಿದವರು. ಮುಚ್ಚಿದ ಡೇರೆ ಸುರಕ್ಷಿತವೆಂಬ ನಂಬಿಕೆ ಮುರಿದು ಬೀಳುವುದು ಆ ಗಳಿಗೆಯಲ್ಲಿ. ಪರದೆಯ ಮರೆ ಬೇಕೆಂಬ ಹೆಣ್ಣುಮಕ್ಕಳ ಮಾತೂ ನ್ಯಾಯವಾದದ್ದು. ಬಟ್ಟೆ ಬದಲಿಸುವಾಗ ಹೊರಹೊದಿಕೆಯನ್ನು ಇಳಿಬಿಟ್ಟು ಮಲಗುವಾಗ ಮೇಲೆತ್ತಿ ಕಟ್ಟಿಕೊಳ್ಳುವಂತಿದ್ದರೆ ಅದಕ್ಕೂ ಉತ್ತರ ದೊರೆಯುತ್ತದೆ. ಎರಡು ಬಾಗಿಲಿದ್ದರೆ ಮಲಗಿದವರನ್ನು ದಾಟಿಹೋಗುವ ಕಷ್ಟವೂ ತಪ್ಪುತ್ತದೆ, ಗಾಳಿಯೂ ಆರಪಾರ ಹರಿಯುತ್ತದೆ.

ಎಷ್ಟು ಜನರ ಡೇರೆ ಎಂಬ ಬರಹವನ್ನು ನಂಬುವುದು ಬೇಡ. ಇಬ್ಬರದೆಂಬ ಡೇರೆಯ ಅಗಲ ಸಾಮಾನ್ಯವಾಗಿ 120ರಿಂದ 140 ಸೆ.ಮೀ., ಅಂದರೆ ಹೆಗಲಿಗೆ ಹೆಗಲು ತಾಗಿ ಚೀಲಗಳಿಗೆ ಜಾಗವಿಲ್ಲದ ಲೆಕ್ಕ. ಇಬ್ಬರಿಗೆ ಮೂವರದನ್ನು ಆರಿಸಿದರೆ ಸಾಕು, ಆರು ಜನರದು ಬೇಕಿಲ್ಲ.

ಇಷ್ಟಾದರೂ ಆರಿದ್ರಾ, ಪುನರ್ವಸು ಮಳೆಗಳಲ್ಲಿ ಏನು ಮಾಡಬೇಕೆಂದು ಕೇಳುವವರಿದ್ದಾರೆ. ಆಗ ಎರೆ ಹೊಲಕ್ಕೆ ಹೋಗಲೇಬಾರದು. ಎಷ್ಟು ಬೆಲೆಬಾಳುವ ಡೇರೆಯೂ ಕೆಸರಿನ ಮೇಲೆ ನಿಲ್ಲದು. ನದಿಯ ಮರಳದಿಬ್ಬವಂತೂ ಮಳೆಗಾಲದಲ್ಲಿ ಪ್ರಾಣಕ್ಕೇ ಎರವಾಗುವ ಜಾಗ. ಇಲ್ಲಿ ಒಂದು ಹನಿ ಬೀಳದಿದ್ದರೂ ಗಾಜನೂರಿನಲ್ಲೋ ಲಕ್ಕವಳ್ಳಿಯಲ್ಲೋ ನೀರು ಬಿಟ್ಟರೆ ತುಂಗಭದ್ರೆ ರಾತ್ರೋರಾತ್ರಿ ಏರುತ್ತದೆ, ಮತ್ತು ಜಲಸ್ತಂಭದ ಯಾವ ಸಂಖ್ಯೆಯೂ ಹೊಳೆಯನ್ನು ತಡೆಯುವುದಿಲ್ಲ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವನ್ನಂತೂ ಎಲ್ಲ ಕಾಲಕ್ಕೂ ಬಿಟ್ಟುಬಿಡಬೇಕು. 1974ರಲ್ಲಿ ಘೋಷಿತವಾದ, 119 ಚದರ ಕಿ.ಮೀ. ವಿಸ್ತಾರದ ಆ ಬಯಲು ಡೇರೆ ಹೊಡೆಯಲು ಹೇಳಿ ಮಾಡಿಸಿದಂತೆ ಕಂಡರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಅಲ್ಲಿ ಪ್ರವೇಶವಿಲ್ಲ. ಇರುಳಿನಲ್ಲಿ ಮನುಷ್ಯರ ಬೆಳಕು ಸದ್ದುಗಳು ಅಲ್ಲಿನ ಮೃಗಗಳಿಗೆ ಬೇಕಾಗಿಯೂ ಇಲ್ಲ.

ಕೊನೆಗೆ ಉಳಿಯುವ ವಾದವೆಂದರೆ, ಮುಂದೆಂದೋ ಹಿಮಾಲಯಕ್ಕೋ ಕುದುರೆಮುಖದ ಮಳೆಗೋ ಹೋಗಬೇಕಾದೀತು, ಆದ್ದರಿಂದ ಎಲ್ಲಕ್ಕೂ ಆಗುವಂಥ ಒಂದೇ ಗಟ್ಟಿ ಡೇರೆಯನ್ನು ಈಗಲೇ ಕೊಂಡಿಡುವುದು ಲಾಭವೆಂಬುದು. ಮಧ್ಯಮ ವರ್ಗದ ಮನೆಗಳಲ್ಲಿ ಈ ವಾದಕ್ಕೆ ಬೆಲೆ ಹೆಚ್ಚು. ಆದರೆ ಹಿಮಾಲಯದ ಸಂಘಟಿತ ಚಾರಣಗಳಲ್ಲಿ ಡೇರೆಯನ್ನು ಸಂಘಟಕರೇ ಒದಗಿಸುತ್ತಾರೆ. ಅದಕ್ಕಾಗಿ ಯಾರೂ ಮನೆಯಿಂದ ಹೊತ್ತೊಯ್ಯಬೇಕಾಗಿಲ್ಲ. ಅದೂ ಅಲ್ಲದೆ, ಮಡಿಸಿ ಅಟ್ಟದ ಮೇಲಿಟ್ಟ ಲೇಪದ ಬಟ್ಟೆ ಬಳಸದಿದ್ದರೂ ಹಾಳಾಗುತ್ತದೆ: ತಗಡಿನ ಚಾವಣಿಯ ಕೆಳಗಿನ ಸೆಕೆಗೆ ಮತ್ತು ಪೂರ್ತಿ ಒಣಗಿಸದೆ ಮಡಿಸಿಟ್ಟ ತೇವಕ್ಕೆ ಒಳಲೇಪ ಕೆಲವೇ ವರ್ಷಗಳಲ್ಲಿ ಜಿಗುಟಾಗಿ, ವಾಸನೆ ಹಿಡಿದು, ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಬಾರದ ಹಿಮಕ್ಕೆಂದು ಕಾದಿಟ್ಟ ಡೇರೆ ಹಿಮ ಕಾಣುವ ಮೊದಲೇ ಸಾಯುತ್ತದೆ. ಅದೇ ಹಣದ ಅರ್ಧಕ್ಕೆ ಜಾಲರಿಯ ಗೂಡು, 1500–2000 ಮಿ.ಮೀ.ನ ಬಿಡಿಸಿಡಬಹುದಾದ ಹೊರಹೊದಿಕೆ, ಎರಡು ಬಾಗಿಲುಗಳುಳ್ಳ ನಾಲ್ಕಡಿ ಎತ್ತರದ ಡೇರೆಯೊಂದನ್ನು ಕೊಂಡು, ಬಿಸಿಲಿಗೆ ಮೇಲೊಂದು ನೆರಳು ಪರದೆಯನ್ನು ಅಡ್ಡ ಕಟ್ಟಿಕೊಳ್ಳಬಹುದು. ಬಿತ್ತನೆ ಬೀಜೋತ್ಪಾದನೆಗೆ ಹೆಸರಾದ ರಾಣೆಬೆನ್ನೂರಿನಲ್ಲಿ ಆ ಪರದೆ ಕೃಷಿ ಸಾಮಗ್ರಿಯ ಅಂಗಡಿಗಳಲ್ಲೇ ಮೀಟರಿನ ಲೆಕ್ಕದಲ್ಲಿ ಸಿಗುತ್ತದೆ.